ಗಾರ್ಮೆಂಟ್ಸ್ ಲೈನ್‌ಗೆ ಹೊಸ ಸೂಪರ್‌ವೈಸರ್: ಕೂಗಾಡದೆ ಕೆಲಸ ತೆಗೆಯುವ ಕ್ರಮ

ನಿನ್ನೆಯವರೆಗೆ ಮಷಿನ್ ಮುಂದೆ ಕೂತಿದ್ದವರನ್ನು ಇವತ್ತು ಲೈನ್ ಸೂಪರ್‌ವೈಸರ್ ಮಾಡುತ್ತಾರೆ. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯಿಂದ ಹಿಡಿದು ದೊಡ್ಡಬಳ್ಳಾಪುರ, ರಾಮನಗರ, ಮದ್ದೂರಿನವರೆಗೆ ಗಾರ್ಮೆಂಟ್ಸ್ ಇರುವ ಕಡೆಯೆಲ್ಲ ಕಾಣುವ ಪದ್ಧತಿ ಇದು. ಹೊಲಿಗೆ ಚೆನ್ನಾಗಿ ಬರುತ್ತದೆ ಅನ್ನುವುದೇ ಅರ್ಹತೆ. ಜನರನ್ನು ನೋಡಿಕೊಳ್ಳುವುದು ಹೇಗೆ ಅಂತ ಯಾರೂ ಹೇಳಿಕೊಡುವುದಿಲ್ಲ. ಹಾಗಾಗಿ ಹೊಸಬರು ತಮ್ಮ ಮೇಲಿದ್ದ ಹಳೆಯ ಸೂಪರ್‌ವೈಸರ್ ಮಾಡುತ್ತಿದ್ದುದನ್ನೇ ಮಾಡುತ್ತಾರೆ. ಟಾರ್ಗೆಟ್ ಬರದಿದ್ದರೆ ಕೂಗುತ್ತಾರೆ.

ಕೂಗಿದರೆ ಪೀಸ್ ಬರುವುದೇ ಇಲ್ಲ ಅಂತಲ್ಲ. ಅರ್ಧ ಗಂಟೆ ಬರುತ್ತದೆ. ಆಮೇಲೆ ಆಲ್ಟರ್, ಅಂದರೆ ಬಿಚ್ಚಿ ಮತ್ತೆ ಹೊಲಿಯಬೇಕಾದ ಪೀಸ್, ಬರುತ್ತದೆ, ಮಾರನೇ ದಿನ ಹೇಳದೆ ರಜೆ ಬರುತ್ತದೆ, ತಿಂಗಳಾದ ಮೇಲೆ ಒಳ್ಳೆಯ ಟೈಲರ್ ಸಂಬಳ ಎಣಿಸಿಕೊಂಡು ಪಕ್ಕದ ಫ್ಯಾಕ್ಟರಿ ಗೇಟಿನಲ್ಲಿ ನಿಂತಿರುತ್ತಾರೆ. ಅವರ ಜಾಗಕ್ಕೆ ಹೊಸಬರನ್ನು ತಯಾರು ಮಾಡಲು ಹಿಡಿಯುವ ವಾರಗಳನ್ನು ಲೆಕ್ಕ ಹಾಕಿದರೆ ಆ ಅರ್ಧ ಗಂಟೆಯ ಪೀಸ್ ಬಲು ದುಬಾರಿ.

ಈ ಲೇಖನದಲ್ಲಿ ಹೇಳುವುದೆಲ್ಲ ಒಂದೇ ನಿಯಮದ ಸುತ್ತ ಇದೆ: ಲೈನ್‌ನಲ್ಲಿ ಕೆಲಸ ನಿಂತಾಗ ಮೊದಲು ಮಾಲು, ಆಮೇಲೆ ಮಷಿನ್, ಆಮೇಲೆ ಕೆಲಸದ ವಿಧಾನ ನೋಡಿ, ಮನುಷ್ಯರನ್ನು ಕೊನೆಗೆ ನೋಡಿ. ಸೋಮಾರಿತನ ಅಂತ ಬೈಸಿಕೊಳ್ಳುವ ಬಹಳಷ್ಟು ಸಂಗತಿಗಳು ಮೊಂಡಾದ ಸೂಜಿ, ತಡವಾಗಿ ಬಂದ ಬಂಡಲ್ (ಕತ್ತರಿಸಿದ ಬಟ್ಟೆಯ ಕಟ್ಟು), ಸರಿಯಾಗಿ ತೋರಿಸಿಕೊಡದ ಆಪರೇಷನ್ ಆಗಿರುತ್ತವೆ. 40 ಜನರ ಶರ್ಟ್ ಲೈನ್ ಒಂದನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಪ್ಯಾಂಟ್, ಟೀ ಶರ್ಟ್, ಜಾಕೆಟ್ ಲೈನ್‌ಗೂ ಕ್ರಮ ಇದೇ.

ಮೊದಲು ಲೆಕ್ಕ

ಐಇ (ಇಂಡಸ್ಟ್ರಿಯಲ್ ಎಂಜಿನಿಯರಿಂಗ್) ವಿಭಾಗದವರು ಕೊಡುವ ಎಸ್‌ಎಎಂ ಅಂದರೆ ಒಂದು ಪೀಸ್ ಪೂರ್ತಿ ಹೊಲಿಯಲು ಬೇಕಾದ ಪ್ರಮಾಣಿತ ನಿಮಿಷಗಳು. ನಮ್ಮ ಶರ್ಟ್‌ಗೆ ಅದು 22 ಅಂದುಕೊಳ್ಳಿ. 40 ಟೈಲರ್, 8 ಗಂಟೆ, ಅಂದರೆ ತಲಾ 480 ನಿಮಿಷ; ಒಟ್ಟು 19,200 ನಿಮಿಷ. ಅದನ್ನು 22ರಿಂದ ಭಾಗಿಸಿದರೆ 872 ಪೀಸ್. ಇದು ನೂರಕ್ಕೆ ನೂರು ಎಫಿಷಿಯೆನ್ಸಿ ಇದ್ದರೆ ಮಾತ್ರ. ನಿಮ್ಮ ಲೈನ್ ಈ ಸ್ಟೈಲ್ ಮೇಲೆ 55 ಪರ್ಸೆಂಟ್ ಓಡುತ್ತಿದ್ದರೆ ಬರುವುದು 480 ಪೀಸ್. ಗಂಟೆಗೆ 60. ಅಂದರೆ ಲೈನ್ ಕೊನೆಯಿಂದ ಪ್ರತಿ 60 ಸೆಕೆಂಡಿಗೆ ಒಂದು ಶರ್ಟ್ ಹೊರಬೀಳಬೇಕು.

ಈ 60 ಸೆಕೆಂಡ್ ತಲೆಯಲ್ಲಿ ಇಟ್ಟುಕೊಳ್ಳಿ. ನಾಲ್ಕು ಜನ ಬರದೆ 36 ಜನ ಕೂತರೆ ಅದೇ ಲೆಕ್ಕದಲ್ಲಿ ಬರುವುದು 432, ಗಂಟೆಗೆ 54. ಆಗಲೂ ಬೋರ್ಡ್ ಮೇಲೆ 60 ಅಂತಲೇ ಬರೆದು ಸಂಜೆವರೆಗೆ ಬೈಯುವುದು ನಿಮಗೆ ಲೆಕ್ಕ ಬರುವುದಿಲ್ಲ ಅಂತ ಒಪ್ಪಿಕೊಂಡ ಹಾಗೆ. ಟೈಲರ್‌ಗಳಿಗೆ ಈ ಲೆಕ್ಕ ಬಾಯಲ್ಲಿ ಹೇಳಲು ಬರದಿರಬಹುದು, ಆದರೆ ಆಗದ ಟಾರ್ಗೆಟ್ ಯಾವುದು ಅಂತ ಕೈಗೆ ಗೊತ್ತಿರುತ್ತದೆ. ಆಗದ್ದನ್ನು ದಿನವೂ ಕೇಳುವವರ ಮಾತಿಗೆ ಆಗುವ ದಿನವೂ ಬೆಲೆ ಇರುವುದಿಲ್ಲ.

ಹೊಸ ಸ್ಟೈಲ್ ಹತ್ತಿದ ಮೊದಲ ಎರಡು ಮೂರು ದಿನ ಪೂರ್ತಿ ಟಾರ್ಗೆಟ್ ಕೇಳಬೇಡಿ. ಮೊದಲ ದಿನ ಪ್ರತಿ ಆಪರೇಷನ್ ಸರಿಯಾಗಿ ಕೂರುವುದನ್ನು ನೋಡಿ. ಸಂಖ್ಯೆ ಮೂರನೇ ದಿನದಿಂದ ಏರಲಿ. ಮೊದಲ ದಿನ ವೇಗ ಹಿಡಿದು ಹೊಲಿದ ತಪ್ಪು ಕೈ ಅಭ್ಯಾಸವಾಗಿ ಕೂತುಬಿಟ್ಟರೆ ಆರ್ಡರ್ ಮುಗಿಯುವವರೆಗೆ ಅದನ್ನು ಬಿಡಿಸಲು ಆಗುವುದಿಲ್ಲ.

ಬೆಳಿಗ್ಗೆಯ ಮೊದಲ ಅರ್ಧ ಗಂಟೆ

ಬೆಲ್ ಹೊಡೆಯುವ 15 ನಿಮಿಷ ಮೊದಲು ಫ್ಲೋರ್‌ನಲ್ಲಿರಿ. ಆ ಹೊತ್ತಿನಲ್ಲಿ ನೋಡಬೇಕಾದ್ದು ಜನರನ್ನಲ್ಲ. ಕಟಿಂಗ್‌ನಿಂದ ಬಂದಿರುವ ಬಂಡಲ್ ಕನಿಷ್ಠ ಎರಡು ಗಂಟೆಗೆ ಸಾಕಾಗುವಷ್ಟು ಇದೆಯಾ, ಕಾಲರ್ ಮತ್ತು ಕಫ್ ಫ್ಯೂಸಿಂಗ್ (ಒಳಗೆ ಗಟ್ಟಿ ಬಟ್ಟೆಯನ್ನು ಬಿಸಿಯಲ್ಲಿ ಅಂಟಿಸುವುದು) ಆಗಿದೆಯಾ, ದಾರ, ಗುಂಡಿ, ಲೇಬಲ್ ಇದೆಯಾ, ನಿನ್ನೆ ಕೆಟ್ಟಿದ್ದ ಮಷಿನ್ ರಿಪೇರಿ ಆಗಿದೆಯಾ ಅಂತ ನೋಡಿ. ಸೈಜ್ ಲೇಬಲ್ ಇಲ್ಲ ಅನ್ನುವುದು ಹತ್ತೂವರೆಗೆ ಗೊತ್ತಾದರೆ ಆ ತಪ್ಪು ಟೈಲರ್‌ದಲ್ಲ.

ಬೆಲ್ ಆದ ಹತ್ತು ನಿಮಿಷದೊಳಗೆ ಯಾರು ಬಂದಿಲ್ಲ ಅಂತ ಗೊತ್ತಾಗಬೇಕು, ಮುಂದಿನ ಹತ್ತು ನಿಮಿಷದಲ್ಲಿ ಅವರ ಜಾಗ ತುಂಬಬೇಕು. ಇದಕ್ಕೆ ಸ್ಕಿಲ್ ಚಾರ್ಟ್ ಬೇಕು. ಒಂದು ಹಾಳೆಯಲ್ಲಿ ಕೆಳಗೆ ಹೆಸರುಗಳು, ಅಡ್ಡಕ್ಕೆ ಆಪರೇಷನ್‌ಗಳು. ಪ್ರತಿ ಮನೆಯಲ್ಲಿ ಅಂಕ: ಗೊತ್ತಿಲ್ಲದಿದ್ದರೆ 0, ಕಲಿಯುತ್ತಿದ್ದರೆ 1, ಒಬ್ಬರೇ ಮಾಡಬಲ್ಲರಾದರೆ 2, ಟಾರ್ಗೆಟ್ ಕೊಡಬಲ್ಲರಾದರೆ 3, ಬೇರೆಯವರಿಗೆ ಕಲಿಸಬಲ್ಲರಾದರೆ 4. ಕಾಲರ್ ಅಟ್ಯಾಚ್, ಸ್ಲೀವ್ ಅಟ್ಯಾಚ್, ಫೀಡ್ ಆಫ್ ದಿ ಆರ್ಮ್ ಮಷಿನ್‌ನ ಸೈಡ್ ಸೀಮ್ ಇಂಥ ಕಷ್ಟದ ಆಪರೇಷನ್‌ಗೆ 2ಕ್ಕಿಂತ ಮೇಲಿನವರು ಮೂರು ಜನ ಇರಬೇಕು. ಒಬ್ಬರೇ ಇದ್ದರೆ ಅವರಿಗೆ ಜ್ವರ ಬಂದ ದಿನ ಇಡೀ ಲೈನ್‌ಗೆ ಜ್ವರ.

ಆಮೇಲೆ ಐದು ನಿಮಿಷ ಎಲ್ಲರನ್ನೂ ನಿಲ್ಲಿಸಿ ಮಾತಾಡಿ. ನಿನ್ನೆ ಎಷ್ಟು ಬಂತು, ಇವತ್ತು ಯಾವ ಸ್ಟೈಲ್, ಎಷ್ಟು ಬೇಕು, ನಿನ್ನೆ ಹೆಚ್ಚು ಬಂದ ಒಂದೇ ಒಂದು ತಪ್ಪು ಯಾವುದು. ತಪ್ಪಾದ ಪೀಸ್ ಕೈಯಲ್ಲಿ ಹಿಡಿದು ತೋರಿಸಿ, ಮಾಡಿದವರ ಹೆಸರು ಹೇಳಬೇಡಿ. ಕೊನೆಗೆ 'ಏನಾದ್ರೂ ತೊಂದರೆ ಇದ್ಯಾ?' ಅಂತ ಕೇಳಿ ಹತ್ತು ಸೆಕೆಂಡ್ ಸುಮ್ಮನಿರಿ. ಹೆಚ್ಚಿನವರು ಕೇಳಿದ ಕೂಡಲೇ 'ಸರಿ, ಹೋಗಿ' ಅಂದುಬಿಡುತ್ತಾರೆ. ಆಮೇಲೆ ಯಾರೂ ಏನೂ ಹೇಳುವುದಿಲ್ಲ ಅಂತ ದೂರುತ್ತಾರೆ. ಲೈನ್‌ನಲ್ಲಿ ಒಡಿಶಾ, ಜಾರ್ಖಂಡ್, ಅಸ್ಸಾಂ ಕಡೆಯ ಹುಡುಗಿಯರಿದ್ದರೆ ಅವರ ಭಾಷೆ ಬಲ್ಲ ಒಬ್ಬರನ್ನು ಮಾತಿಗೆ ಗೊತ್ತು ಮಾಡಿ. ತಲೆಯಾಡಿಸಿದರು ಅಂದರೆ ಅರ್ಥವಾಯಿತು ಅಂತಲ್ಲ.

ಕೆಲಸ ಹೇಳುವುದು ಬೇರೆ, ಕೆಲಸ ಕಲಿಸುವುದು ಬೇರೆ

'ಈ ಪ್ಲಾಕೆಟ್ ನೀಟಾಗಿ ಮಾಡಿ' ಅನ್ನುವುದು ಸೂಚನೆಯಲ್ಲ (ಪ್ಲಾಕೆಟ್ ಅಂದರೆ ಗುಂಡಿ ಕೂರುವ ಪಟ್ಟಿ). ಅಳತೆ, ಮಿತಿ, ನೋಡಿ ತಿಳಿಯುವ ಗುರುತು ಮೂರೂ ಇದ್ದರೆ ಮಾತ್ರ ಸೂಚನೆ: 'ಎಡ್ಜ್‌ನಿಂದ ಕಾಲು ಇಂಚಿಗೆ ಹೊಲಿಗೆ, ಒಂದು ಇಂಚಿಗೆ 12 ಸ್ಟಿಚ್, ಕೆಳಗಿನ ತುದಿ ಎರಡೂ ಕಡೆ ಸಮ ಇರಬೇಕು.' ಅಪ್ರೂವ್ ಆದ ಸ್ಯಾಂಪಲ್ ಪೀಸ್ ಲೈನ್‌ನಲ್ಲೇ ತೂಗುಹಾಕಿ. ಕಚೇರಿ ಕಪಾಟಿನಲ್ಲಿರುವ ಸ್ಯಾಂಪಲ್‌ನಿಂದ ಯಾರಿಗೂ ಉಪಯೋಗವಿಲ್ಲ.

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಲ್ಲಿ ಹೊಸ ಕೆಲಸಗಾರರನ್ನು ಬೇಗ ತಯಾರು ಮಾಡಲು ಟಿಡಬ್ಲ್ಯುಐ (ಟ್ರೇನಿಂಗ್ ವಿದಿನ್ ಇಂಡಸ್ಟ್ರಿ) ಅನ್ನುವ ತರಬೇತಿ ಕ್ರಮ ರೂಪಿಸಿದರು. ಅದರ ನಾಲ್ಕು ಹೆಜ್ಜೆಗಳು ಇವತ್ತಿಗೂ ಹೊಲಿಗೆ ಲೈನ್‌ಗೆ ಹಾಗೆಯೇ ಹೊಂದುತ್ತವೆ. ಮೊದಲು ಎದುರಿನವರನ್ನು ಸಿದ್ಧ ಮಾಡಿ: ಈ ಕೆಲಸ ಮುಂಚೆ ಮಾಡಿದ್ದೀರಾ ಅಂತ ಕೇಳಿ, ಹೆದರಿಕೆ ಬಿಡಿಸಿ, ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ; ಎದುರಿಗೆ ನಿಂತರೆ ಕೈ ತಿರುವುಮುರುವಾಗಿ ಕಾಣುತ್ತದೆ. ಆಮೇಲೆ ನೀವೇ ಕೂತು ಮಾಡಿ ತೋರಿಸಿ, ಮೊದಲ ಪೀಸ್ ನಿಧಾನವಾಗಿ ಸುಮ್ಮನೆ, ಎರಡನೆಯದು ಬಾಯಲ್ಲಿ ಹೇಳುತ್ತ, ಮೂರನೆಯದರಲ್ಲಿ ಇಲ್ಲಿ ಹೀಗೆ ಹಿಡಿಯದಿದ್ದರೆ ಏನಾಗುತ್ತದೆ ಅಂತ ಕಾರಣ ಸಮೇತ. ಮೂರನೇ ಹೆಜ್ಜೆಯಲ್ಲಿ ಅವರನ್ನು ಕೂರಿಸಿ; ಮಾಡುತ್ತಾ ಅವರೇ ಹೆಜ್ಜೆಗಳನ್ನು ಹೇಳಲಿ. ನಾಲ್ಕನೆಯದು ಬಿಟ್ಟುಹೋಗುವುದೇ ಹೆಚ್ಚು: ಅರ್ಧ ಗಂಟೆಗೆ ಒಮ್ಮೆ, ಆಮೇಲೆ ಎರಡು ಗಂಟೆಗೆ ಒಮ್ಮೆ ಹೋಗಿ ನೋಡಿ, ಯಾರನ್ನು ಕೇಳಬೇಕು ಅಂತ ಹೆಸರು ಹೇಳಿ ಬನ್ನಿ.

'ಗೊತ್ತಾಯ್ತಾ?' ಅಂತ ಕೇಳಬೇಡಿ. ಎಲ್ಲರೂ 'ಹ್ಞೂಂ ಸರ್' ಅನ್ನುತ್ತಾರೆ. 'ಈಗ ನೀವು ನನಗೆ ತೋರಿಸಿ' ಅನ್ನಿ.

ಗಂಟೆಯ ಬೋರ್ಡ್ ಮತ್ತು ಮೂರನೇ ಕಾಲಂ

ಲೈನ್ ಕೊನೆಯ ಬೋರ್ಡ್‌ನಲ್ಲಿ ಟಾರ್ಗೆಟ್, ಬಂದದ್ದು ಅಂತ ಎರಡು ಕಾಲಂ ಎಲ್ಲ ಕಡೆ ಇರುತ್ತದೆ. ಮೂರನೆಯದು, ಕಾರಣ, ಖಾಲಿ ಬಿದ್ದಿರುತ್ತದೆ. ನಿಮ್ಮ ಕೆಲಸ ಇರುವುದು ಆ ಮೂರನೇ ಕಾಲಂನಲ್ಲಿ. 10 ಗಂಟೆಗೆ 60ಕ್ಕೆ 46 ಬಂದಿದ್ದರೆ ಪಕ್ಕದಲ್ಲಿ 'ಕಾಲರ್ ಅಟ್ಯಾಚ್ ಮಷಿನ್ 12 ನಿಮಿಷ ನಿಂತಿತು' ಅಂತ ಬರೆಯಿರಿ. 'ಸ್ಲೋ' ಅಂತ ಬರೆಯಬೇಡಿ. ಅದು ಕಾರಣ ಅಲ್ಲ.

ಕಾರಣ ಹುಡುಕಲು ಲೈನ್ ಉದ್ದಕ್ಕೆ ಹಿಂದಿನಿಂದ ಮುಂದಕ್ಕೆ, ಅಂದರೆ ಫಿನಿಶಿಂಗ್ ಕಡೆಯಿಂದ ಫೀಡಿಂಗ್ ಕಡೆಗೆ ನಡೆಯಿರಿ. ಯಾವ ಮಷಿನ್ ಮುಂದೆ ಬಂಡಲ್ ಗುಡ್ಡೆ ಬಿದ್ದಿದೆ, ಅದರ ಆಚೆ ಯಾರು ಖಾಲಿ ಕೂತಿದ್ದಾರೆ? ಗುಡ್ಡೆ ಮತ್ತು ಖಾಲಿ ನಡುವಿನ ಮಷಿನ್ ನಿಮ್ಮ ಅಡ್ಡಿ. ಸುಮ್ಮನೆ ಕೂತವರನ್ನು ಬೈಯುವುದು ಸುಲಭ, ಏಕೆಂದರೆ ಅವರು ಕಣ್ಣಿಗೆ ಬೀಳುತ್ತಾರೆ. ಆದರೆ ಅವರಿಗೆ ಹೊಲಿಯಲು ಪೀಸೇ ಬಂದಿರುವುದಿಲ್ಲ.

ಒಂದು ಉದಾಹರಣೆ. ಗುಡ್ಡೆ ಇರುವುದು ಕಾಲರ್ ಅಟ್ಯಾಚ್ ಮುಂದೆ. ಸ್ಟಾಪ್‌ವಾಚ್ ಹಿಡಿದು ಸತತ ಹತ್ತು ಪೀಸ್ ಅಳೆಯಿರಿ, ದಾರ ಕಡಿದು ನಿಂತ ಪೀಸ್ ಬಿಟ್ಟು ಸರಾಸರಿ ತೆಗೆಯಿರಿ. 75 ಸೆಕೆಂಡ್ ಬಂತು ಅಂದರೆ ಗಂಟೆಗೆ 48. ಬೇಕಾದ್ದು 60. ಗಂಟೆಗೆ 12 ಕೊರತೆ. ಊಟದ ಹೊತ್ತಿಗೆ 48 ಶರ್ಟ್ ಅಲ್ಲೇ ಬಿದ್ದಿರುತ್ತವೆ. ಆ ಟೈಲರ್ ಎಷ್ಟೇ ಚುರುಕಿದ್ದರೂ 15 ಸೆಕೆಂಡ್ ಬೈಗುಳದಿಂದ ಇಳಿಯುವುದಿಲ್ಲ. ಆ 75ರ ಒಳಗೆ ಏನೇನಿದೆ ಅಂತ ನೋಡಿ: ಬಂಡಲ್ ಬಿಚ್ಚುವುದು, ಕಾಲರ್ ನಂಬರ್ ಜೋಡಿಸುವುದು, ನಾಚ್ ಗುರುತು ಹುಡುಕುವುದು, ಕೊನೆಯಲ್ಲಿ ದಾರ ಕತ್ತರಿಸುವುದು. ಇವು ಹೊಲಿಗೆಯಲ್ಲ, ಹೆಲ್ಪರ್ ಮಾಡಬಹುದಾದ ಕೆಲಸ. ಹೆಲ್ಪರ್ ಇಲ್ಲದಿದ್ದರೆ ಅಕ್ಕಪಕ್ಕದಲ್ಲಿ 40 ಸೆಕೆಂಡಿನ ಆಪರೇಷನ್ ಮಾಡುವವರನ್ನು ಹುಡುಕಿ. ಅವರಿಗೆ ಪೀಸಿಗೆ 20 ಸೆಕೆಂಡ್ ಉಳಿಯುತ್ತದೆ, ಗಂಟೆಗೆ 1,200 ಸೆಕೆಂಡ್. ಸ್ಕಿಲ್ ಚಾರ್ಟ್‌ನಲ್ಲಿ ಅವರಿಗೆ ಕಾಲರ್ 2 ಅಂತ ಇದ್ದರೆ, ಕೊರತೆಯ 12 ಪೀಸಿಗೆ ಬೇಕಾದ 900 ಸೆಕೆಂಡ್ ಅಲ್ಲೇ ಇದೆ. ಜಾಗ ಬದಲಿಸಿ ಕೂರುವುದಕ್ಕೆ ಮಷಿನ್ ಒಂದು ಹೆಚ್ಚಿಗೆ ಬೇಕಾಗುತ್ತದೆ. ಅದನ್ನು ಮೆಕ್ಯಾನಿಕ್ ಹತ್ತಿರ ಹಿಂದಿನ ದಿನವೇ ಕೇಳಿ ಇಟ್ಟುಕೊಳ್ಳಿ.

ಹೀಗೆ ಎರಡು ಕೆಲಸ ಮಾಡುವವರ ಹೆಸರನ್ನು ತಿಂಗಳ ಕೊನೆಯಲ್ಲಿ ಇನ್ಸೆಂಟಿವ್ ಅಥವಾ ಗ್ರೇಡ್ ಪಟ್ಟಿಗೆ ಹಾಕಿಸಬೇಕು. ಹಾಕಿಸದಿದ್ದರೆ ಮುಂದಿನ ಸಲ ಯಾರೂ ಕಾಲರ್ ಬರುತ್ತದೆ ಅಂತ ಬಾಯಿ ಬಿಡುವುದಿಲ್ಲ. ಕೆಲಸ ಗೊತ್ತಿದ್ದರೆ ಕೆಲಸ ಜಾಸ್ತಿ ಅನ್ನುವ ಪಾಠ ಲೈನ್‌ನಲ್ಲಿ ಬೇಗ ಹರಡುತ್ತದೆ.

ಒಬ್ಬರ ಹತ್ತಿರ ಪೀಸ್ ಬರದಿದ್ದರೆ

ಹತ್ತಿರ ಹೋಗಿ, ಎರಡು ನಿಮಿಷ ಮಾತಾಡದೆ ನಿಂತು ಕೈ ನೋಡಿ. ಕುತ್ತಿಗೆ ಮೇಲೆ ಉಸಿರು ತಾಗುವಷ್ಟು ಹತ್ತಿರ ನಿಲ್ಲಬೇಡಿ. ಪಕ್ಕಕ್ಕೆ, ಕಾಣುವ ಹಾಗೆ ನಿಲ್ಲಿ.

ಮಾಲು: ಕಟ್ ಪೀಸ್ ಅಳತೆ ಸರಿ ಇದೆಯಾ? ಕಾಲರ್ ಕಟಿಂಗ್‌ನಲ್ಲಿ ಸ್ವಲ್ಪ ದೊಡ್ಡದಾಗಿ ಬಂದಿದ್ದರೆ ಟೈಲರ್ ಪ್ರತಿ ಪೀಸಿಗೆ ತಿದ್ದುತ್ತಾ ಕೂರಬೇಕು. ಬಂಡಲ್ ನಂಬರ್ ಕಲಸಿಹೋಗಿದೆಯಾ? ಒಂದು ಥಾನಿನ ಬಟ್ಟೆಗೂ ಇನ್ನೊಂದಕ್ಕೂ ಶೇಡ್ ಬೇರೆ ಇರುತ್ತದೆ, ಅದಕ್ಕೇ ನಂಬರ್ ಸ್ಟಿಕ್ಕರ್. ಸ್ಟಿಕ್ಕರ್ ಬಿದ್ದುಹೋದರೆ ಜೋಡಿಸುವ ಹೊತ್ತು ಹೊಲಿಯುವ ಹೊತ್ತಿಗಿಂತ ಹೆಚ್ಚು.

ಮಷಿನ್: ಗಂಟೆಯಲ್ಲಿ ಎಷ್ಟು ಸಲ ದಾರ ಕಡಿಯುತ್ತದೆ ಕೇಳಿ. ಪದೇ ಪದೇ ಕಡಿದರೆ ಟೆನ್ಷನ್ ಬಿಗಿ ಇರಬಹುದು, ಸೂಜಿಯ ಕಣ್ಣು ಒರಟಾಗಿರಬಹುದು, ದಾರದ ಗುಣವೇ ಕಳಪೆ ಇರಬಹುದು. ಸ್ಕಿಪ್ ಸ್ಟಿಚ್ ಬಂದರೆ, ಅಂದರೆ ನಡುನಡುವೆ ಹೊಲಿಗೆ ತಪ್ಪಿದರೆ, ಮೊದಲು ಸೂಜಿ ಬದಲಿಸಿ, ಆಮೇಲೂ ಬಂದರೆ ಹುಕ್ ಟೈಮಿಂಗ್ ನೋಡಲು ಮೆಕ್ಯಾನಿಕ್ ಕರೆಯಿರಿ. ಬಟ್ಟೆ ಸುಕ್ಕುಗಟ್ಟಿದರೆ ಹೆಚ್ಚಿನ ಸಲ ಟೆನ್ಷನ್ ಅಥವಾ ಫೀಡ್ ದೋಷ. ಮೆಕ್ಯಾನಿಕ್ ಕರೆದ ಸಮಯ ಮತ್ತು ಬಂದ ಸಮಯ ಎರಡನ್ನೂ ಬರೆದಿಡಿ, ಜಗಳಕ್ಕಲ್ಲ, ಬೋರ್ಡ್‌ನ ಮೂರನೇ ಕಾಲಂಗೆ.

ವಿಧಾನ: ಬಂಡಲ್ ಎಡಗಡೆ ಇದೆಯಾ ಬಲಗಡೆಯಾ, ಪ್ರತಿ ಪೀಸಿಗೆ ಬಗ್ಗಿ ಎತ್ತಬೇಕಾ, ಕತ್ತರಿ ಕೈಗೆ ಎಟುಕುತ್ತದೆಯಾ, ಕುರ್ಚಿ ಎತ್ತರ ಸರಿ ಇದೆಯಾ, ಮಷಿನ್ ಲೈಟ್ ಉರಿಯುತ್ತಿದೆಯಾ? ಕಪ್ಪು ಬಟ್ಟೆಗೆ ಕಪ್ಪು ದಾರದ ಹೊಲಿಗೆ ಇದ್ದ ದಿನ ಲೈಟ್ ಇಲ್ಲದೆ ವೇಗ ಕೇಳುವುದು ಅನ್ಯಾಯ.

ಈ ಮೂರೂ ಸರಿ ಇದ್ದು, ಪಕ್ಕದವರು ಅದೇ ಕೆಲಸ ಅದೇ ಮಷಿನ್‌ನಲ್ಲಿ ಮಾಡುತ್ತಿದ್ದು, ಇವರೊಬ್ಬರಿಂದ ಮಾತ್ರ ಬರುತ್ತಿಲ್ಲ ಅಂದಾಗ ಮನುಷ್ಯರ ವಿಷಯಕ್ಕೆ ಬನ್ನಿ.

ಮಾತಾಡಬೇಕಾದಾಗ

ಎಲ್ಲರ ಎದುರಿಗೆ ಬೇಡ. ಟೀ ಬ್ರೇಕ್ ಕಳೆದ ಮೇಲೆ ಲೈನ್ ಪಕ್ಕಕ್ಕೆ, ಬೇರೆಯವರಿಗೆ ಕಾಣುವ ಆದರೆ ಕೇಳಿಸದ ಜಾಗದಲ್ಲಿ ಮಾತಾಡಿ. ಹೆಂಗಸರನ್ನು ಮುಚ್ಚಿದ ಕೋಣೆಗೆ ಒಬ್ಬರೇ ಗಂಡಸು ಸೂಪರ್‌ವೈಸರ್ ಕರೆಯಬಾರದು. ಅಂಥ ಮಾತಿದ್ದರೆ ವೆಲ್ಫೇರ್ ಆಫೀಸರ್ ಜೊತೆಗಿರಲಿ. 'ಏಯ್', 'ನೀನು', 'ಇವಳು' ಬೇಡ. ವಯಸ್ಸಿನಲ್ಲಿ ಹಿರಿಯರಿದ್ದರೆ ಅಕ್ಕ ಅನ್ನಿ, ಚಿಕ್ಕವರಾದರೂ ಹೆಸರು ಹಿಡಿದು ನೀವು ಅನ್ನಿ. ನಿನ್ನೆವರೆಗೆ ಜೊತೆಯಲ್ಲಿ ಊಟ ಮಾಡುತ್ತಿದ್ದ ಗೆಳತಿಯಾದರೆ ಕ್ಯಾಂಟೀನ್‌ನಲ್ಲಿ ನೀನು, ಲೈನ್‌ನಲ್ಲಿ ನೀವು. ಮೊದಲ ವಾರ ನಗುತ್ತಾರೆ, ಆಮೇಲೆ ರೂಢಿಯಾಗುತ್ತದೆ.

ಮಾತು ಹೀಗೆ ಹೋಗಬಹುದು:

'ಮಂಜುಳಕ್ಕ, ಈ ವಾರ ಮೂರು ದಿನ ನಿಮ್ಮ ಕಫ್ ಗಂಟೆಗೆ 40 ದಾಟಿಲ್ಲ. ಹೋದ ವಾರ 58 ಬರ್ತಿತ್ತು. ಮಷಿನ್ ನೋಡ್ದೆ, ಸರಿ ಇದೆ. ಏನಾಗಿದೆ?'

'ಏನಿಲ್ಲ ಸರ್.'

'ಏನಿಲ್ಲ ಅಂದ್ರೆ 58 ಬರ್ಬೇಕಿತ್ತಲ್ಲ. ನಿಮ್ಮನ್ನ ಬೈಯೋಕೆ ಕರೀಲಿಲ್ಲ. ಕಫ್ ನಿಂತ್ರೆ ಸ್ಲೀವ್ ಇಬ್ಬರು ಖಾಲಿ ಕೂತ್ಕೋತಾರೆ, ಅದಕ್ಕೆ ಕೇಳ್ತಿದೀನಿ.'

'ಭುಜ ನೋವು ಸರ್, ಎತ್ತಕ್ಕೆ ಆಗ್ತಿಲ್ಲ.'

'ಇಎಸ್‌ಐ ಆಸ್ಪತ್ರೆಗೆ ತೋರಿಸಿದ್ರಾ? ನಾಳೆ ಬೆಳಿಗ್ಗೆ ಹೋಗ್ಬನ್ನಿ, ಪಾಸ್ ನಾನು ಮಾಡಿಸ್ತೀನಿ. ಅಲ್ಲಿವರೆಗೆ ಲೇಬಲ್ ಅಟ್ಯಾಚ್ ಮಾಡಿ. ಸೋಮವಾರ ಮತ್ತೆ ಮಾತಾಡೋಣ.'

ಇದರಲ್ಲಿ ಸಂಖ್ಯೆ ಇದೆ, ಅದರಿಂದ ಬೇರೆಯವರಿಗೆ ಆಗುವ ತೊಂದರೆ ಇದೆ, ಪ್ರಶ್ನೆ ಇದೆ, ಮುಂದಿನ ದಿನಾಂಕ ಇದೆ. 'ನಿಮಗೆ ಕೆಲಸದ ಮೇಲೆ ಗಮನವೇ ಇಲ್ಲ' ಅನ್ನುವ ತೀರ್ಪು ಇಲ್ಲ. ಎದುರಿನವರು ನಿಜವಾಗಿಯೂ ಕೆಲಸ ತಪ್ಪಿಸುವವರೇ ಆಗಿದ್ದರೂ ಮೊದಲ ಮಾತು ಹೀಗೇ ಇರಲಿ. ಹೇಳಿದ ಸೋಮವಾರ ಮರೆಯದೆ ಹೋಗಿ ಕೇಳಿ. ಕೇಳದಿದ್ದರೆ ಆ ಮಾತಿಗೆ ಅರ್ಥವಿಲ್ಲ. ಎರಡನೇ ಸಲವೂ ಕಾರಣವಿಲ್ಲದೆ ಹಾಗೇ ನಡೆದರೆ ದಿನಾಂಕ, ಸಂಖ್ಯೆ, ಏನು ಹೇಳಿದಿರಿ ಅಂತ ಬರೆದು ಎಚ್‌ಆರ್‌ಗೆ ಕೊಡಿ.

ಹೊಗಳುವುದಕ್ಕೂ ಇದೇ ರೀತಿ ವಿವರ ಬೇಕು. 'ಸೂಪರ್' ಅಂದರೆ ಯಾರಿಗೂ ತಟ್ಟುವುದಿಲ್ಲ. 'ಇವತ್ತು ನಿಮ್ಮ 200 ಪಾಕೆಟ್‌ನಲ್ಲಿ ಒಂದೂ ವಾಪಸ್ ಬರಲಿಲ್ಲ' ಅಂದರೆ ತಟ್ಟುತ್ತದೆ. ಇದನ್ನು ಎಲ್ಲರ ಎದುರಿಗೇ ಹೇಳಬಹುದು.

ಆಲ್ಟರ್

ಲೈನ್ ಕೊನೆಯ ಚೆಕ್ಕರ್ ಹಿಡಿಯುವ ತಪ್ಪು ಆಗಲೇ ದುಬಾರಿ, ಏಕೆಂದರೆ ಕಾಲರ್ ಬಿಚ್ಚಲು ಮೂರು ಆಪರೇಷನ್ ಬಿಚ್ಚಬೇಕು. ಆದ್ದರಿಂದ ಲೈನ್ ಮಧ್ಯದಲ್ಲಿ ಸುತ್ತುವ ಚೆಕ್ಕರ್ ಒಬ್ಬರು ಪ್ರತಿ ಮಷಿನ್‌ನಲ್ಲಿ ಒಂದೊಂದು ಸುತ್ತಿನಲ್ಲೂ 7 ಪೀಸ್ ನೋಡಬೇಕು. ಏಳರಲ್ಲಿ ತಪ್ಪಿಲ್ಲದಿದ್ದರೆ ಹಸಿರು ಕಾರ್ಡ್, ಒಂದು ಸಣ್ಣ ತಪ್ಪಿದ್ದರೆ ಹಳದಿ, ಹೆಚ್ಚಾದರೆ ಕೆಂಪು. ಕೆಂಪು ಬಿದ್ದ ಮಷಿನ್‌ನ ಹಿಂದಿನ ಬಂಡಲ್ ಪೂರ್ತಿ ನೋಡಬೇಕು. ಕೆಂಪು ಕಾರ್ಡ್ ಅವಮಾನದ ಗುರುತಾಗಲು ಬಿಡಬೇಡಿ. ಅದು ನಿಮ್ಮನ್ನು ಕರೆಯುವ ಗಂಟೆ.

ತಪ್ಪಾದ ಪೀಸ್ ಮಾಡಿದವರಿಗೇ ವಾಪಸ್ ಹೋಗಲಿ. ಕೈ ಚುರುಕಿನವರ ಹತ್ತಿರ ಆಲ್ಟರ್ ಎಲ್ಲ ರಾಶಿ ಹಾಕಿದರೆ ತಪ್ಪು ಮಾಡಿದವರಿಗೆ ತಪ್ಪು ಗೊತ್ತೇ ಆಗುವುದಿಲ್ಲ, ಚುರುಕಿನವರಿಗೆ ಶಿಕ್ಷೆ ಸಿಕ್ಕ ಹಾಗಾಗುತ್ತದೆ. ಸೂಜಿ ಮುರಿದರೆ ಎಲ್ಲ ತುಂಡು ಸಿಕ್ಕಿ ರಿಜಿಸ್ಟರ್‌ಗೆ ಅಂಟಿಸುವವರೆಗೆ ಹೊಸ ಸೂಜಿ ಕೊಡಬಾರದು, ಬಂಡಲ್ ಮುಂದೆ ಕಳಿಸಬಾರದು. ಟಾರ್ಗೆಟ್ ಒತ್ತಡದಲ್ಲಿ ಈ ನಿಯಮ ಮೊದಲು ಮುರಿಯುವುದು ಸೂಪರ್‌ವೈಸರೇ.

ರಜೆ, ಓಟಿ, ಟಾಯ್ಲೆಟ್

ವರಮಹಾಲಕ್ಷ್ಮಿ, ಯುಗಾದಿ, ಗೌರಿ ಹಬ್ಬ, ಊರ ಜಾತ್ರೆ, ಪಿತೃಪಕ್ಷ, ಶಾಲೆ ಶುರುವಾಗುವ ವಾರ: ಈ ದಿನಗಳಲ್ಲಿ ಜನ ಬರುವುದಿಲ್ಲ ಅನ್ನುವುದು ಆಶ್ಚರ್ಯವಲ್ಲ, ಕ್ಯಾಲೆಂಡರ್‌ನಲ್ಲೇ ಇದೆ. 15 ದಿನ ಮೊದಲೇ ನೋಟ್‌ಬುಕ್ ಹಿಡಿದು ಯಾರಿಗೆ ಯಾವ ದಿನ ಬೇಕು ಕೇಳಿ. ಒಂದೇ ಆಪರೇಷನ್‌ನ ಇಬ್ಬರು ಒಂದೇ ದಿನ ಕೇಳಿದರೆ ಹೋದ ಸಲ ಯಾರು ಬಿಟ್ಟುಕೊಟ್ಟಿದ್ದರು ಅಂತ ಅದೇ ನೋಟ್‌ಬುಕ್‌ನಲ್ಲಿ ನೋಡಿ ಕೊಡಿ. ಕೇಳಿದರೆ ಸಿಗುತ್ತದೆ ಅಂತ ಖಾತ್ರಿಯಾದ ಮೇಲೆ ಹೇಳದೆ ತಪ್ಪಿಸುವವರು ತಾವಾಗಿ ಕಡಿಮೆಯಾಗುತ್ತಾರೆ. ಕೇಳಿದ ರಜೆಗೆಲ್ಲ 'ನೋಡೋಣ' ಅನ್ನುವ ಲೈನ್‌ನಲ್ಲಿ ಯಾರೂ ಕೇಳುವುದಿಲ್ಲ, ಸುಮ್ಮನೆ ಬರುವುದಿಲ್ಲ.

ಓಟಿ ಇದ್ದರೆ ಊಟದ ಹೊತ್ತಿನೊಳಗೆ ಹೇಳಿ. ಸಂಜೆ ಬೆಲ್‌ಗೆ ಐದು ನಿಮಿಷ ಇರುವಾಗ ಗೇಟ್ ಹತ್ತಿರ ಹೇಳಿದರೆ ಮಗುವನ್ನು ಯಾರು ಕರೆತರುತ್ತಾರೆ, ಕೊನೆ ಬಸ್ ಹೇಗೆ ಅನ್ನುವ ಚಿಂತೆಯಲ್ಲೇ ಎರಡು ಗಂಟೆ ಹೋಗುತ್ತದೆ. ವಾರಕ್ಕೆ 48 ಗಂಟೆ ಮೀರಿದ ಕೆಲಸಕ್ಕೆ ಎರಡು ಪಟ್ಟು ಕೂಲಿ ಕಾನೂನಿನ ಮಾತು. ಕಾರ್ಡ್ ಪಂಚ್ ಮಾಡಿಸಿ ಮತ್ತೆ ಕೂರಿಸುವುದು, ಟಾರ್ಗೆಟ್ ಮುಗಿದಿಲ್ಲ ಅಂತ ಸಂಬಳವಿಲ್ಲದೆ ಇರಿಸಿಕೊಳ್ಳುವುದು ಕಳ್ಳತನ. ಮೇಲಿನವರು ಹೇಳಿದರೂ ನಿಮ್ಮ ಬಾಯಿಂದ ಅದು ಬರಬಾರದು.

ಟಾಯ್ಲೆಟ್‌ಗೆ ಹೋಗಲು ಟೋಕನ್, ಸಮಯ ಬರೆಯುವ ಪುಸ್ತಕ, 'ಈಗ್ ತಾನೇ ಹೋಗಿದ್ರಲ್ಲ' ಅನ್ನುವ ಮಾತು ಬೇಡ. ಹೋಗಲಾಗದು ಅಂತ ನೀರು ಕುಡಿಯದೆ ಕೂರುವ ಹೆಂಗಸರಿಗೆ ಮೂತ್ರದ ಸೋಂಕು ಬರಬಹುದು. 40 ಜನರಿಗೆ ಎದ್ದುಹೋದವರ ಜಾಗದಲ್ಲಿ ಕೂರುವ ಒಬ್ಬ ರಿಲೀವರ್ ಇದ್ದರೆ ಯಾವ ಮಷಿನ್ ಕೂಡ ನಿಲ್ಲಬೇಕಿಲ್ಲ.

ನಿಮ್ಮ ಅಧಿಕಾರದಲ್ಲಿ ಇಲ್ಲದ್ದು

'ನಾಳೆಯಿಂದ ಬರಬೇಡಿ' ಅನ್ನುವ ಅಧಿಕಾರ ಸೂಪರ್‌ವೈಸರ್‌ಗೆ ಇಲ್ಲ. ಕೋಪದಲ್ಲಿ ಅಂದ ಆ ಮಾತು ಲೇಬರ್ ಇಲಾಖೆಯಲ್ಲಿ ಬಾಯಿಮಾತಿನ ವಜಾ ಅಂತ ಬಂದು ನಿಲ್ಲಬಹುದು. ಖಾಲಿ ಕಾಗದಕ್ಕೆ ಸಹಿ, ರಾಜೀನಾಮೆ ಬರೆಸಿಕೊಳ್ಳುವುದು, ಸಂಬಳದಲ್ಲಿ ಹಿಡಿಯುತ್ತೇನೆ ಅನ್ನುವುದು ಯಾವುದೂ ನಿಮ್ಮ ಕೆಲಸವಲ್ಲ. ತಪ್ಪು ದೊಡ್ಡದಾದರೆ ನೀವು ಕಂಡದ್ದನ್ನು ಮಾತ್ರ ಬರೆದು ಕೊಡಿ. ನೋಟಿಸ್, ಉತ್ತರಕ್ಕೆ ಅವಕಾಶ, ವಿಚಾರಣೆ ಎಲ್ಲ ಎಚ್‌ಆರ್‌ನದು.

ಲೈಂಗಿಕ ಕಿರುಕುಳದ ದೂರು ಬಂದರೆ ಪಂಚಾಯಿತಿ ಮಾಡಲು ಹೋಗಬೇಡಿ. 2013ರ ಕಾಯ್ದೆ ಪ್ರಕಾರ 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಜಾಗದಲ್ಲೆಲ್ಲ ಆಂತರಿಕ ಸಮಿತಿ ಇರಬೇಕು, ಅದರ ಅಧ್ಯಕ್ಷರು ಮಹಿಳೆಯೇ ಇರಬೇಕು. ಘಟನೆ ನಡೆದು 3 ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಬರೆಯಲು ಬಾರದವರಿಗೆ ಸಮಿತಿಯೇ ಸಹಾಯ ಮಾಡಬೇಕು. ನಿಮ್ಮ ಕೆಲಸ ಇಷ್ಟೇ: ಸಮಿತಿಯವರ ಹೆಸರು, ಫೋನ್ ನಂಬರ್ ಹೇಳುವುದು, ವಿಷಯ ಲೈನ್‌ನಲ್ಲಿ ಹರಡದಂತೆ ನೋಡುವುದು, ದೂರು ಕೊಟ್ಟವರನ್ನು ಕಷ್ಟದ ಮಷಿನ್‌ಗೆ ಎತ್ತಿಹಾಕದಿರುವುದು.

ಸಂಬಳದ ಚೀಟಿ ಓದಿ ಹೇಳುವುದು ಮಾತ್ರ ನಿಮ್ಮ ಕೆಲಸವೇ ಅಂತ ತಿಳಿಯಿರಿ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಕೆಲಸಗಾರರು, ಹೆಚ್ಚಾಗಿ ಹೆಂಗಸರು, ಬೀದಿಗಿಳಿದರು. ಪಿಎಫ್‌ನಲ್ಲಿ ಮಾಲೀಕರ ಪಾಲಿನ ದುಡ್ಡನ್ನು 58 ವರ್ಷದವರೆಗೆ ತೆಗೆಯಲಾಗದು ಅನ್ನುವ ಹೊಸ ನಿಯಮ ಅದಕ್ಕೆ ಕಾರಣ. ಕೇಂದ್ರ ಸರ್ಕಾರ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ಮಗಳ ಮದುವೆ, ಮನೆ ಸಾಲ, ಆಸ್ಪತ್ರೆ ಎಲ್ಲಕ್ಕೂ ಇವರು ನೆಚ್ಚಿಕೊಂಡಿರುವ ಗಂಟು ಅದು. ಪಿಎಫ್‌ಗೆ 12 ಪರ್ಸೆಂಟ್, ಇಎಸ್‌ಐಗೆ 0.75 ಪರ್ಸೆಂಟ್ ಯಾಕೆ ಹಿಡಿದಿದ್ದಾರೆ, ಯುಎಎನ್‌ಗೆ (ಪಿಎಫ್‌ನ ಯೂನಿವರ್ಸಲ್ ಅಕೌಂಟ್ ನಂಬರ್) ಯಾವ ಮೊಬೈಲ್ ನಂಬರ್ ಜೋಡಿಸಿದೆ, ಹೆಸರು ಆಧಾರ್‌ನಲ್ಲಿ ಇರುವಂತೆಯೇ ಇದೆಯಾ ಅಂತ ಸಂಬಳದ ವಾರ ಹತ್ತು ನಿಮಿಷ ಕೂತು ಹೇಳುವ ಸೂಪರ್‌ವೈಸರ್ ಮಾತಿಗೆ ಉಳಿದ ದಿನ ಬೆಲೆ ಇರುತ್ತದೆ. ಗೊತ್ತಿಲ್ಲದಿದ್ದರೆ ಎಚ್‌ಆರ್‌ನಿಂದ ಕೇಳಿಬಂದು ಹೇಳಿ, ಊಹೆ ಹೇಳಬೇಡಿ.

ಮೇಲಿನವರ ಹತ್ತಿರ

ಪ್ರೊಡಕ್ಷನ್ ಮ್ಯಾನೇಜರ್ ನಿಮ್ಮ ಮೇಲೆ ಕೂಗುತ್ತಾರೆ, ನೀವು ಲೈನ್ ಮೇಲೆ ಕೂಗುತ್ತೀರಿ. ಈ ಸರಪಳಿ ನಿಮ್ಮ ಹತ್ತಿರ ನಿಲ್ಲಬೇಕಾದರೆ ಕೆಟ್ಟ ಸುದ್ದಿಯನ್ನು ಬೇಗ ಹೇಳಬೇಕು. ಇವತ್ತು 480 ಬರುವುದಿಲ್ಲ ಅಂತ ಬೆಳಿಗ್ಗೆ 11ಕ್ಕೆ ಗೊತ್ತಿದ್ದೂ ಸಂಜೆ 5ಕ್ಕೆ ಹೇಳಿದರೆ ಅವರ ಕೋಪಕ್ಕೆ ನ್ಯಾಯವಿದೆ. 11ಕ್ಕೆ ಹೋಗಿ ಹೀಗೆ ಹೇಳಿ: 'ನಾಲ್ಕು ಜನ ಇಲ್ಲ, ಇವತ್ತು 430ರವರೆಗೆ ಬರುತ್ತೆ. ಪಕ್ಕದ ಲೈನ್‌ನಿಂದ ಸ್ಲೀವ್‌ಗೆ ಒಬ್ಬರನ್ನ, ಒಂದು ಸಿಂಗಲ್ ನೀಡಲ್ ಮಷಿನ್ ಕೊಟ್ರೆ 455 ಮಾಡ್ತೀನಿ.' ಬರೀ 'ಆಗಲ್ಲ ಸರ್' ಬೇಡ. ಎಷ್ಟು ಆಗುತ್ತದೆ, ಏನು ಕೊಟ್ಟರೆ ಎಷ್ಟು ಹೆಚ್ಚುತ್ತದೆ ಎರಡನ್ನೂ ಹೇಳಿ.

ಸಂಜೆ ಹೊರಡುವ ಮುನ್ನ ನೋಟ್‌ಬುಕ್‌ನಲ್ಲಿ ನಾಲ್ಕು ಸಾಲು: ಎಷ್ಟು ಬಂತು, ದೊಡ್ಡ ಕಾರಣ ಯಾವುದು, ಯಾರ ಹತ್ತಿರ ಏನು ಮಾತಾಡಿದಿರಿ, ನಾಳೆ ಬೆಳಿಗ್ಗೆ ಮೊದಲು ನೋಡಬೇಕಾದ್ದು ಏನು. ಬೋರ್ಡ್ ಅಳಿಸುವ ಮೊದಲು ಫೋಟೊ ತೆಗೆದಿಡಿ. ಒಂದೇ ಕಾರಣ ಮೂರು ದಿನ ಮೂರನೇ ಕಾಲಂನಲ್ಲಿ ಬಂದರೆ ಆ ಮೂರು ಫೋಟೊ ಸಮೇತ ಮ್ಯಾನೇಜರ್‌ಗೆ ಮೆಸೇಜ್ ಮಾಡಿ, ಕಟಿಂಗ್ ಅಥವಾ ಮೇಂಟೆನೆನ್ಸ್ ಇನ್‌ಚಾರ್ಜ್‌ಗೂ ಒಂದು ಪ್ರತಿ ಕಳಿಸಿ, ಯಾವ ದಿನಾಂಕದೊಳಗೆ ಸರಿಯಾಗುತ್ತದೆ ಅಂತ ಉತ್ತರ ಬರೆಸಿಕೊಳ್ಳಿ.